ಕೆಲಸ ನಡೆಸುವವರ ತೊಡಕುಗಳೂ ಲಚ್ಯಾಣದ ಕೊಳವೆಬಾವಿಯ ಪಾಠವೂ

ಹೊಲಕ್ಕೆ ಒಡ್ಡು ಹಾಕಿಸುವುದು, ಬಾವಿ ತೋಡಿಸುವುದು, ಕೃಷಿಹೊಂಡ ಮಾಡಿಸುವುದು, ಊರ ಕೆರೆಯ ಹೂಳೆತ್ತಿಸುವುದು ಇವೆಲ್ಲವೂ ಆರಂಭ, ಅವಧಿ, ವೆಚ್ಚ, ಮುಕ್ತಾಯ ಎಂಬ ನಾಲ್ಕು ಅಂಗಗಳುಳ್ಳ ಕಾರ್ಯಗಳು. ಇಂಥ ಕಾರ್ಯವನ್ನು ಹೊತ್ತವನು ಅಣೆಕಟ್ಟಿನ ಇಂಜಿನಿಯರನಿರಲಿ, ಕಾರಖಾನೆಯ ವ್ಯವಸ್ಥಾಪಕನಿರಲಿ, ನಾಲ್ಕು ಎಕರೆಯ ಜಮೀನುದಾರನಿರಲಿ, ಅವನಿಗೊದಗುವ ತೊಡಕುಗಳು ಬಹುಮಟ್ಟಿಗೆ ಒಂದೇ ಬಗೆಯವು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗಗಳ ಗ್ರಾಮಪ್ರಮುಖರೂ ಜಮೀನುದಾರರೂ ಅವುಗಳನ್ನು ಅರಿತು ನಡೆದರೆ ಹಣವೂ ಉಳಿದೀತು, ಪ್ರಾಣವೂ ಉಳಿದೀತು.

ಮೊದಲನೆಯ ತೊಡಕು ಹಣದ್ದು. ಕೆಲಸ ತೊಡಗಿದಾಗಿನ ಅಂದಾಜು ಮುಗಿಯುವ ಹೊತ್ತಿಗೆ ಸಾಲದಾಗುತ್ತದೆ. ಎರಡನೆಯದು ಆಳುಗಳದ್ದು. ಬೇಸಿಗೆಯೇ ಮಣ್ಣುಕೆಲಸಕ್ಕೆ ತಕ್ಕ ಕಾಲ. ಆದರೆ ಆಗಲೇ ಈ ಸೀಮೆಯ ಅನೇಕ ಕೂಲಿಕಾರರು ಗೋವೆ, ಮಹಾರಾಷ್ಟ್ರಗಳಿಗೆ ಗುಳೆ ಹೋಗಿರುತ್ತಾರೆ. ಅವರ ಬದಲು ಯಂತ್ರಗಳು ಬಂದಿವೆ. ಯಂತ್ರವು ದಿನದ ಕೆಲಸವನ್ನು ತಾಸಿನಲ್ಲಿ ಮುಗಿಸುವುದು ನಿಜ. ತಪ್ಪನ್ನೂ ಅಷ್ಟೇ ಬೇಗ ಮಾಡುತ್ತದೆಂಬುದನ್ನು ಮರೆಯಬಾರದು. ಮೂರನೆಯದು ಲೆಕ್ಕಪತ್ರದ್ದು. ಉದ್ಯೋಗ ಖಾತರಿಯ ಕಾಮಗಾರಿಗಳಲ್ಲಿ ೨೦೨೩ನೆಯ ಇಸವಿಯ ಜನವರಿಯಿಂದ ಕೂಲಿಕಾರರ ಹಾಜರಿಯನ್ನು ಮೊಬೈಲಿನಲ್ಲಿ ಛಾಯಾಚಿತ್ರಸಹಿತ ದಾಖಲಿಸುವುದು ಕಡ್ಡಾಯವಾಯಿತು. ಕಾರಖಾನೆ, ರಸ್ತೆ, ಗಣಕಯಂತ್ರದ ಉದ್ಯಮಗಳಲ್ಲಿಯೂ ಪ್ರವಾಹ ಇದೇ ದಿಕ್ಕಿಗಿದೆ. ಚಿತ್ರವು ಜನ ಬಂದದ್ದನ್ನು ತೋರಿಸೀತೇ ಹೊರತು ಒಡ್ಡಿನ ಗಟ್ಟಿತನವನ್ನು ತೋರಿಸಲಾರದು. ಅದಕ್ಕೆ ಯಜಮಾನನ ಕಣ್ಣೇ ಬೇಕು.

ಕಾಲವಿಳಂಬಕ್ಕೆ ದೊಡ್ಡ ಉದಾಹರಣೆ ಬಾಗೇವಾಡಿ ಸೀಮೆಯ ಆಲಮಟ್ಟಿಯಲ್ಲಿಯೇ ಇದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಈ ಅಣೆಕಟ್ಟಿಗೆ ೧೯೬೪ನೆಯ ಇಸವಿಯ ಮೇ ತಿಂಗಳಲ್ಲಿ ಶ್ರೀ ಲಾಲ್ ಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟರು. ೨೦೦೬ನೆಯ ಇಸವಿಯ ಆಗಸ್ಟಿನಲ್ಲಿ ರಾಷ್ಟ್ರಪತಿ ಡಾ. ಅಬ್ದುಲ್ ಕಲಾಮರು ಲೋಕಾರ್ಪಣೆ ಮಾಡಿದರು. ನಡುವೆ ೪೨ ವರುಷಗಳು ಸಂದವು. ನೆರೆಯ ರಾಜ್ಯಗಳೊಡನೆ ಜಲವಿವಾದ, ಹಣದ ಅಭಾವ, ಮುಳುಗಡೆಯಾದ ಊರುಗಳ ಪುನರ್ವಸತಿ ಇವೆಲ್ಲ ಕೆಲಸವನ್ನು ಹಿಂದೆಳೆದವು. ನ್ಯಾಯಾಧಿಕರಣವು ೨೦೧೦ರಲ್ಲಿ ೫೨೪.೨೫೬ ಮೀಟರಿನ ಮಟ್ಟಕ್ಕೆ ಒಪ್ಪಿಗೆ ಕೊಟ್ಟ ಮೇಲೆಯೂ ತೊಡಕು ಬಗೆಹರಿಯಲಿಲ್ಲ. ಕಲ್ಲುಗಾರೆಯ ಕೆಲಸಕ್ಕಿಂತ ಜನರನ್ನು ಒಡಂಬಡಿಸುವ ಕೆಲಸವೇ ಕಠಿಣವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನಾಲ್ಕನೆಯ ತೊಡಕು ಮುಕ್ತಾಯದ್ದು. ಎಲ್ಲಕ್ಕಿಂತ ಹೆಚ್ಚಾಗಿ ಅಲಕ್ಷ್ಯಕ್ಕೊಳಗಾಗುವುದೂ ಇದೇ. ಬಿತ್ತುವ ದಿನ ಇರುವ ಹುರುಪು ರಾಶಿ ಮುಗಿದ ಮೇಲೆ ಕಣ ಗುಡಿಸುವಾಗ ಇರುವುದಿಲ್ಲ. ಇದರ ಫಲವೇನೆಂಬುದನ್ನು ಇಂಡಿ ತಾಲೂಕಿನ ಲಚ್ಯಾಣ ಗ್ರಾಮವು ಕಣ್ಣಾರೆ ಕಂಡಿತು. ೨೦೨೪ನೆಯ ಇಸವಿ ಏಪ್ರಿಲ್ ೩ರ ಸಂಜೆ ಅಲ್ಲಿಯ ಹೊಲವೊಂದರಲ್ಲಿ ಆಡುತ್ತಿದ್ದ ಸಣ್ಣ ಕೂಸೊಂದು ತೆರೆದಿದ್ದ ಕೊಳವೆಬಾವಿಯಲ್ಲಿ ಜಾರಿಬಿದ್ದಿತು. ಹದಿನೈದಿಪ್ಪತ್ತು ಅಡಿ ಆಳದಲ್ಲಿ ಸಿಕ್ಕಿಕೊಂಡಿತು. ಅಗ್ನಿಶಾಮಕ ದಳದವರು, ಪೊಲೀಸರು, ರಾಜ್ಯ ಹಾಗೂ ರಾಷ್ಟ್ರೀಯ ವಿಪತ್ತು ಸ್ಪಂದನ ಪಡೆಗಳವರು ಕೂಡಿ ಇರುಳಿಡೀ ದುಡಿದರು. ಕೊಳವೆಯೊಳಗೆ ಕ್ಯಾಮೆರಾ ಇಳಿಸಿ ಕೂಸಿನ ಚಲನವಲನವನ್ನು ನೋಡುತ್ತ, ನಳಿಕೆಯಿಂದ ಆಮ್ಲಜನಕವನ್ನು ಒದಗಿಸುತ್ತ, ಬಾವಿಯ ಮಗ್ಗುಲಲ್ಲಿ ಯಂತ್ರಗಳಿಂದ ಇನ್ನೊಂದು ಗುಂಡಿಯನ್ನು ತೋಡಿದರು. ನಡುವೆ ಕಲ್ಲುಬಂಡೆ ಅಡ್ಡವಾಯಿತು. ಇಂಥಲ್ಲಿ ಯಂತ್ರದ ಅದುರು ಹೆಚ್ಚಾದರೆ ಮಣ್ಣು ಕುಸಿಯುವ, ಕೂಸು ಇನ್ನೂ ಕೆಳಗೆ ಜಾರುವ ಭಯವಿರುತ್ತದೆ. ಆದಕಾರಣ ಅವಸರವಿದ್ದರೂ ಅವಸರಪಡುವಂತಿರಲಿಲ್ಲ. ಸುಮಾರು ೨೦ ತಾಸುಗಳ ತರುವಾಯ, ಮರುದಿನ ಮಧ್ಯಾಹ್ನ, ಕೂಸನ್ನು ಜೀವಂತವಾಗಿ ಮೇಲೆತ್ತಿದರು. ಎಲ್ಲ ಕಡೆಯೂ ಹೀಗೆ ಸುಖಾಂತವಾಗಿಲ್ಲ. ಬೆಳಗಾವಿ ಜಿಲ್ಲೆಯ ಅಥಣಿ ತಾಲೂಕಿನ ಝುಂಜರವಾಡದಲ್ಲಿ ೨೦೧೭ರ ಏಪ್ರಿಲಿನಲ್ಲಿ ಇದೇ ರೀತಿ ಬಿದ್ದ ಬಾಲಕಿಯು ಬದುಕಲಿಲ್ಲ.

ಈ ಸೀಮೆಯಲ್ಲಿ ಇಂಥ ಬಾವಿಗಳು ಹೆಚ್ಚುವುದಕ್ಕೆ ನೆಲದ ಗುಣವೂ ಕಾರಣ. ಮೇಲೆ ಎರೆಮಣ್ಣು, ಕೆಳಗೆ ಗರಸು, ಅದರಡಿಯಲ್ಲಿ ಗಟ್ಟಿಯಾದ ಕರಿಕಲ್ಲು. ನೀರು ಇರುವುದು ಕಲ್ಲಿನ ಸಂದುಗಳಲ್ಲಿ ಮಾತ್ರ. ಒಂದು ಕಡೆ ನೀರು ಬಿದ್ದರೆ ನೂರು ಮಾರು ಆಚೆಗೆ ಒಣಧೂಳೇ ಏಳುವುದುಂಟು. ಮಳೆಯೂ ಕಡಿಮೆ. ಲಿಂಬೆಯ ತೋಟವನ್ನೋ ಕಬ್ಬನ್ನೋ ಉಳಿಸಿಕೊಳ್ಳುವ ಆತುರದಲ್ಲಿ ಒಕ್ಕಲಿಗನು ಸಾಲ ಮಾಡಿ ಒಂದರ ಮೇಲೊಂದು ಬೋರು ಕೊರೆಸುತ್ತಾನೆ. ನೀರು ಬೀಳದಿದ್ದರೆ ಕೊರೆಯುವವರು ಕೇಸಿಂಗ್ ಕೊಳವೆಯನ್ನು ಕಿತ್ತುಕೊಂಡು ಅದೇ ರಾತ್ರಿ ಮುಂದಿನ ಊರಿಗೆ ಹೋಗುತ್ತಾರೆ. ಕೊಳವೆಯಿದ್ದಲ್ಲಿ ಬಾಯಾದರೂ ಕಾಣುತ್ತಿತ್ತು. ಕಿತ್ತ ಮೇಲೆ ಉಳಿಯುವುದು ಹುಲ್ಲಿನಲ್ಲಿ ಮರೆಯಾಗುವ ಗೇಣಗಲದ ತೂತು. ಖರ್ಚು ದಂಡವಾಯಿತೆಂಬ ವ್ಯಥೆಯಲ್ಲಿರುವ ಯಜಮಾನನಿಗೆ ಅದನ್ನು ಮುಚ್ಚಿಸುವ ನೆನಪೇ ಆಗುವುದಿಲ್ಲ.

ಇದನ್ನು ತಡೆಯುವ ಸಲುವಾಗಿ ಸರ್ವೋಚ್ಚ ನ್ಯಾಯಾಲಯವು ೨೦೧೦ನೆಯ ಇಸವಿಯಲ್ಲಿ ನಿಯಮಗಳನ್ನು ವಿಧಿಸಿತು. ಅವುಗಳಲ್ಲಿ ಮುಖ್ಯವಾದವು ಇಂತಿವೆ:

೧. ಕೊರೆಸುವ ಮೊದಲು ೧೫ ದಿವಸ ಮುಂಚಿತವಾಗಿ ಜಮೀನಿನ ಒಡೆಯನು ಗ್ರಾಮಪಂಚಾಯತಿಯ ಅಧ್ಯಕ್ಷರೇ ಮೊದಲಾದ ಸಂಬಂಧಪಟ್ಟ ಅಧಿಕಾರಿಗಳಿಗೆ ಲಿಖಿತ ತಿಳಿವಳಿಕೆ ಕೊಡತಕ್ಕದ್ದು. ಕೊರೆಯುವ ಸಂಸ್ಥೆಯು ನೋಂದಾಯಿತವಾಗಿರತಕ್ಕದ್ದು.

೨. ಕೆಲಸ ನಡೆಯುವಲ್ಲಿ ಒಡೆಯನ ಹಾಗೂ ಕೊರೆಯುವವರ ವಿಳಾಸವುಳ್ಳ ಫಲಕವನ್ನು ನಿಲ್ಲಿಸಿ, ಸುತ್ತಲೂ ಮುಳ್ಳುತಂತಿಯ ಬೇಲಿಯನ್ನೋ ಬೇರೆ ತಡೆಯನ್ನೋ ಹಾಕತಕ್ಕದ್ದು.

೩. ನೀರು ಬಿದ್ದ ಬಾವಿಯ ಕೊಳವೆಯ ಸುತ್ತ ೦.೫೦ ಮೀಟರು ಉದ್ದ, ೦.೫೦ ಮೀಟರು ಅಗಲದ ಸಿಮೆಂಟು ಕಟ್ಟೆಯನ್ನು ನೆಲದ ಕೆಳಗೆ ೦.೩೦, ಮೇಲೆ ೦.೩೦ ಮೀಟರು ಇರುವಂತೆ ಕಟ್ಟಿಸಿ, ಕೊಳವೆಯ ಬಾಯಿಗೆ ಉಕ್ಕಿನ ತಗಡನ್ನು ಬೆಸೆಯಿಸಬೇಕು, ಇಲ್ಲವೆ ಬೋಲ್ಟುಗಳಿಂದ ಭದ್ರವಾದ ಮುಚ್ಚಳವನ್ನು ಬಿಗಿಸಬೇಕು. ಪಂಪು ದುರಸ್ತಿಗಾಗಿ ಬಿಚ್ಚಿದಾಗಲೂ ಬಾಯಿಯನ್ನು ತೆರೆದಿಡಕೂಡದು.

೪. ಕೈಬಿಟ್ಟ ಬಾವಿಯನ್ನು ಮಣ್ಣು, ಮರಳು, ಕಲ್ಲು ಅಥವಾ ಕೊರೆದ ಪುಡಿಯಿಂದ ತಳದಿಂದ ನೆಲಮಟ್ಟದವರೆಗೆ ತುಂಬಿಸಿ, ಹಾಗೆ ತುಂಬಿಸಿದ್ದಕ್ಕೆ ಪ್ರಮಾಣಪತ್ರ ಪಡೆಯತಕ್ಕದ್ದು. ಬಾಯಿಗೆ ಚೀಲ ತುರುಕುವುದು, ಚಪ್ಪಡಿ ಎಳೆಯುವುದು ತುಂಬಿಸಿದಂತಾಗುವುದಿಲ್ಲ.

ಹಳ್ಳಿಗಳಲ್ಲಿ ಈ ನಿಯಮಗಳ ಮೇಲ್ವಿಚಾರಣೆಯನ್ನು ನ್ಯಾಯಾಲಯವು ಗ್ರಾಮದ ಮುಖ್ಯಸ್ಥರಿಗೂ ಕೃಷಿ ಇಲಾಖೆಯ ಅಧಿಕಾರಿಗೂ ಒಪ್ಪಿಸಿದೆ. ಆದುದರಿಂದ ಗ್ರಾಮಪ್ರಮುಖರು ಊರಿನ ಎಲ್ಲ ಕೊಳವೆಬಾವಿಗಳ ಒಂದು ಪಟ್ಟಿಯನ್ನು ಸರ್ವೆ ನಂಬರುವಾರು ಬರೆಯಿಸಿಡುವುದು ಲೇಸು. ಯಾವುದು ನಡೆಯುತ್ತಿದೆ, ಯಾವುದು ಬತ್ತಿದೆ, ಯಾವುದನ್ನು ತುಂಬಿಸಿದೆ ಎಂಬುದು ಅದರಲ್ಲಿರಬೇಕು. ಹಿಂಗಾರಿಯ ರಾಶಿ ಮುಗಿದು ಹೊಲಗಳು ಬಯಲಾದಾಗ ಅಡ್ಡಾಡಿ ನೋಡಿದರೆ ಮರೆತ ಬಾಯಿಗಳು ಕಣ್ಣಿಗೆ ಬೀಳುತ್ತವೆ. ಜಮೀನುದಾರರು ಕೊರೆಯುವವರೊಡನೆ ದರ ಮಾತಾಡುವಾಗಲೇ ಬಾವಿ ಹುಸಿಯಾದರೆ ತುಂಬಿಸುವ ಖರ್ಚನ್ನೂ ಕರಾರಿನಲ್ಲಿ ಸೇರಿಸಬೇಕು. ಅದು ಮುಗಿಯುವ ತನಕ ಕೊನೆಯ ಕಂತಿನ ಹಣವನ್ನು ಕೊಡಬಾರದು. ದೊಡ್ಡ ಗುತ್ತಿಗೆಗಳಲ್ಲಿ ನಡೆದುಬಂದಿರುವ ಈ ಕ್ರಮವು ಹೊಲದ ಕೆಲಸಕ್ಕೂ ಅಷ್ಟೇ ಸಲ್ಲುತ್ತದೆ.

ಹುಸಿಯಾದ ಬಾವಿಯನ್ನು ತುಂಬಿಸಲು ಬೇಕಾಗುವುದು ಕೆಲವು ಬಂಡಿ ಗರಸು, ಒಂದು ದಿನದ ದುಡಿಮೆ. ಅದನ್ನು ಬಿಟ್ಟುದರಿಂದ ಲಚ್ಯಾಣದಲ್ಲಿ ಒಂದು ಕೂಸಿನ ಉಸಿರಿಗಾಗಿ ನೂರಾರು ಜನರು ಒಂದು ಇರುಳು ಮತ್ತು ಅರ್ಧ ಹಗಲು ಹೋರಾಡಬೇಕಾಯಿತು. ಯಂತ್ರದ ಗಾಡಿ ಹೊಲ ಬಿಟ್ಟಾಗ ಕೆಲಸ ಮುಗಿಯಿತೆನ್ನಬಾರದು. ಬಾಯಿ ಮುಚ್ಚಿದಾಗಲೇ ಮುಗಿಯಿತೆಂದು ತಿಳಿಯತಕ್ಕದ್ದು.