ಕರಡಿ ನೋಡಲು ಹೊರಟಾಗ ಗಾಳಿ ನೋಡಿ

ಧಾರವಾಡ ಜಿಲ್ಲೆಯನ್ನು ಅಡ್ಡ ಹಾಯ್ದು ಹೋಗುವ ಹಳೆಯ ಅಂಕೋಲಾ–ಗುತ್ತಿ ಹೆದ್ದಾರಿಯ ಎರಡೂ ಕಡೆಗೆ ಕರಡಿಗಳಿವೆ. ಪಡುವಣಕ್ಕೆ ಕಲಘಟಗಿ ದಾಟಿದರೆ ಯಲ್ಲಾಪುರ, ಹಳಿಯಾಳ, ಜೋಯಿಡಾಗಳ ಕಾಡು. ಮೂಡಣಕ್ಕೆ ಅಣ್ಣಿಗೇರಿ, ಗದಗ, ಕೊಪ್ಪಳ ದಾಟಿದರೆ ಹೊಸಪೇಟೆ–ಸಂಡೂರಿನ ಕಲ್ಲುಗುಡ್ಡ. ನಡುವಿನ ಎರೆಸೀಮೆಯಲ್ಲಿ ಮಾತ್ರ ಅವಕ್ಕೆ ಇರಲು ಗವಿಯಿಲ್ಲ, ಮೇಯಲು ಹಣ್ಣಿನ ಪೊದೆಯಿಲ್ಲ. ಹೀಗಾಗಿ ನವಲಗುಂದ, ಕುಂದಗೋಳದ ಕಡೆಯವರು ಕರಡಿಯನ್ನು ಅದರ ಜಾಗದಲ್ಲೇ ನೋಡಬೇಕೆಂದರೆ ಬುತ್ತಿ ಕಟ್ಟಿಕೊಂಡು ಹೊರಡಲೇಬೇಕು. ಪಡುವಣದ ದಟ್ಟ ಕಾಡಿನಲ್ಲಿ ಕರಡಿ ಎದುರಾಗುವುದು ಅಪರೂಪ, ಎದುರಾದರೆ ಅದು ಒಳ್ಳೆಯ ಸುದ್ದಿಯೂ ಅಲ್ಲ. ಕೂತು, ನಿಧಾನವಾಗಿ, ಕಣ್ತುಂಬ ನೋಡಲು ಆಗುವುದು ದರೋಜಿಯಲ್ಲಿ.

ಬಿಳಿಕಲ್ಲು ಕಾಯ್ದಿಟ್ಟ ಅರಣ್ಯವನ್ನು ದರೋಜಿ ಕರಡಿಧಾಮವೆಂದು ಘೋಷಿಸಿದ್ದು 1994ರ ಅಕ್ಟೋಬರಿನಲ್ಲಿ. 2009ರಲ್ಲಿ ಇನ್ನಷ್ಟು ಕಾಡು ಸೇರಿ ಅದರ ವಿಸ್ತೀರ್ಣ ಸುಮಾರು 82 ಚದರ ಕಿಲೋಮೀಟರ್ ಆಯಿತು. ಹಂಪಿಯಿಂದ ಇದು ಹತ್ತಿರ. ಹುಬ್ಬಳ್ಳಿಯಲ್ಲಿ ರೈಲು ಹತ್ತಿದವರು ಹೊಸಪೇಟೆಯಲ್ಲಿ ಇಳಿದು ಬಾಡಿಗೆ ಗಾಡಿ ಮಾಡಿಕೊಂಡರೆ ಆಯಿತು. ಒಳಗೆ ಕಾಲ್ನಡಿಗೆ ಇಲ್ಲ. ಗಾಡಿಯಲ್ಲೇ ಹೋಗಿ ವೀಕ್ಷಣಾ ಗೋಪುರ ಹತ್ತಬೇಕು, ಎದುರಿಗಿನ ಕರಡಿಕಲ್ಲು ಗುಡ್ಡವನ್ನು ನೋಡುತ್ತ ಕೂರಬೇಕು. ಮಧ್ಯಾಹ್ನದ ಹೊತ್ತಿಗೆ ಅರಣ್ಯ ಸಿಬ್ಬಂದಿ ಆ ಬಂಡೆಗಳ ಸಂದಿಗೆ ಬೆಲ್ಲದ ಪಾಕ ಬಳಿದು ಬರುತ್ತಾರೆ. ಬಿಸಿಲು ಇಳಿದು ಕಲ್ಲು ತಣ್ಣಗಾದಾಗ ಕರಡಿಗಳು ಗವಿಯಿಂದ ಹೊರಟು ಅದನ್ನು ನೆಕ್ಕಲು ಬರುತ್ತವೆ.

ಈ ಬೆಲ್ಲದ ಉಪಚಾರದ ಬಗ್ಗೆ ನನಗೆ ಪೂರ್ತಿ ಸಮಾಧಾನವಿಲ್ಲ. ಜನ ಕಂಡಿದ್ದನ್ನು ಕಾಯುತ್ತಾರೆ ಎಂಬ ವಾದದಲ್ಲಿ ಹುರುಳಿದೆ, ಒಪ್ಪುತ್ತೇನೆ. ಆದರೆ ಬೆಲ್ಲ ನೆಕ್ಕುವ ಕರಡಿಯನ್ನು ನೋಡಿ ಬಂದವರು ಅದರ ನಿಜವಾದ ಕಸುಬನ್ನು ನೋಡಿದಂತಾಗುವುದಿಲ್ಲ. ಆ ಕಸುಬು ಗೆದ್ದಲು ತಿನ್ನುವುದು. ಹೊರಡುವ ಮೊದಲು ಅದನ್ನು ತಿಳಿದುಕೊಂಡರೆ ಮಿಕ್ಕ ತಯಾರಿಯೆಲ್ಲ ತಾನಾಗಿ ಹೊಳೆಯುತ್ತದೆ.

ಜಗತ್ತಿನ ಎಂಟು ಜಾತಿಯ ಕರಡಿಗಳಲ್ಲಿ ಗೆದ್ದಲು–ಇರುವೆಗಳಿಗಾಗಿಯೇ ಮೈ ಮಾರ್ಪಟ್ಟಿರುವುದು ನಮ್ಮದೊಂದೇ. ಬೇರೆ ಕರಡಿಗಳಿಗೆ ಸಾಮಾನ್ಯವಾಗಿ 42 ಹಲ್ಲು, ಇದಕ್ಕೆ 40. ಮೇಲ್ದವಡೆಯ ಮುಂದಿನ ನಟ್ಟನಡುವಿನ ಎರಡು ಬಾಚಿಹಲ್ಲುಗಳೇ ಇಲ್ಲ. 1791ರಲ್ಲಿ ಇಂಗ್ಲೆಂಡಿನ ಜಾರ್ಜ್ ಶಾ ಇದಕ್ಕೆ ವೈಜ್ಞಾನಿಕ ಹೆಸರಿಟ್ಟಾಗ ಉದ್ದ ಉಗುರು, ಇಲ್ಲದ ಹಲ್ಲು ನೋಡಿ ದಕ್ಷಿಣ ಅಮೆರಿಕದ ಸ್ಲಾತ್ ಪ್ರಾಣಿಯ ಗುಂಪಿಗೆ ಸೇರಿಸಿಬಿಟ್ಟಿದ್ದ. ಆ ಖಾಲಿ ಜಾಗ ಒಂದು ಕೊಳವೆಯ ಬಾಯಿ. ಅಂಗುಳ ಒಳಗೆ ತಗ್ಗಾಗಿದೆ, ತುಟಿಗಳು ಸಡಿಲವಾಗಿ ಮುಂದಕ್ಕೆ ಚಾಚುತ್ತವೆ, ಮೂಗಿನ ಹೊಳ್ಳೆಗಳನ್ನು ಬೇಕೆಂದಾಗ ಮುಚ್ಚಿಕೊಳ್ಳಬಹುದು. ಮೊದಲು ಮುಂಗಾಲಿನ ಉಗುರುಗಳಿಂದ ಹುತ್ತವನ್ನು ಅಗೆಯುತ್ತದೆ. ಈ ಉಗುರುಗಳು ಹುಲಿಯದರಂತೆ ಒಳಗೆ ಸರಿಯುವುದಿಲ್ಲ, ಯಾವಾಗಲೂ ಹೊರಗೇ. ಆಮೇಲೆ ರಂಧ್ರಕ್ಕೆ ಮೂತಿ ಒಡ್ಡಿ ಬುಸ್ಸೆಂದು ಊದಿ ಸಡಿಲ ಮಣ್ಣನ್ನು ಹಾರಿಸುತ್ತದೆ. ಕೊನೆಗೆ ಹೊಳ್ಳೆ ಮುಚ್ಚಿ, ತುಟಿ ಚಾಚಿ ಜೋರಾಗಿ ಹೀರುತ್ತದೆ. ಗೆದ್ದಲು, ಅದರ ಮೊಟ್ಟೆ, ಮರಿ ಎಲ್ಲವೂ ಆ ಹಲ್ಲಿನ ಸಂದಿಯಿಂದ ಒಳಗೆ. ಹೀರುವ ಈ ಸದ್ದು ನೂರು ಮೀಟರಿಗೂ ಹೆಚ್ಚು ದೂರ ಕೇಳುತ್ತದೆ.

ಗೋಪುರಕ್ಕೆ ಹೋಗುವ ಹಾದಿಯಲ್ಲಿ ಗಾಡಿ ನಿಧಾನವಾದಾಗ ಹುತ್ತಗಳ ಬುಡ ನೋಡಿ. ಕರಡಿ ಅಗೆದದ್ದಾದರೆ ಮೇಲೆ ಅಗಲ, ಒಳಗೆ ಕಿರಿದಾದ ಗುಂಡಿ ಇರುತ್ತದೆ, ಅದರ ಗೋಡೆಯಲ್ಲಿ ಒಂದರ ಪಕ್ಕ ಒಂದು ಉಗುರಿನ ಗೀರು. ಹಾದಿಯ ಮೇಲೆ ಬಿದ್ದ ಲದ್ದಿಯೂ ಅಷ್ಟೇ ಮಾತಾಡುತ್ತದೆ. ಹಣ್ಣಿನ ಕಾಲದಲ್ಲಿ ಅದರ ತುಂಬ ಬೋರೆ, ಕವಳೆ, ಕಕ್ಕೆಯ ಬೀಜ, ಉಳಿದ ಕಾಲದಲ್ಲಿ ಗೆದ್ದಲಿನ ತಲೆಚಿಪ್ಪು ಮತ್ತು ಮಣ್ಣು. ಗೈಡ್ ಇದನ್ನು ತಾನಾಗಿ ತೋರಿಸದಿದ್ದರೆ ಕೇಳಿ. ನಾನಾದರೆ ಫೋಟೊಕ್ಕಿಂತ ಮೊದಲು ಇದನ್ನೇ ಕೇಳುತ್ತೇನೆ.

ಮಣ್ಣಿನಡಿಯ ಗೆದ್ದಲನ್ನು ಹುಡುಕುವ ಪ್ರಾಣಿಗೆ ಮೂಗೇ ಮುಖ್ಯ. ಕರಡಿಯ ಕಣ್ಣು ಮಂದ, ಕಿವಿಯೂ ಅಷ್ಟು ಚುರುಕಲ್ಲ. ತಲೆ ಮೇಲೆತ್ತಿ, ಎಷ್ಟೋ ಸಲ ಹಿಂಗಾಲ ಮೇಲೆ ನಿಂತು, ಗಾಳಿ ಮೂಸಿ ಮುಂದಿನ ಹೆಜ್ಜೆ ತೀರ್ಮಾನಿಸುತ್ತದೆ. ನಮ್ಮ ಕಡೆಯ ಸಂತೆ, ಜಾತ್ರೆಗಳಲ್ಲಿ ಕರಡಿ ಕುಣಿಸಿದ್ದನ್ನು ನೋಡಿದ, ಅದರ ಕೂದಲಿನ ತಾಯತ ಕಟ್ಟಿಸಿಕೊಂಡ ಹಿರಿಯರು ಇನ್ನೂ ಇದ್ದಾರೆ. ಆ ಕರಡಿಗಳಿಗೆ ಹಗ್ಗ ಪೋಣಿಸುತ್ತಿದ್ದದ್ದು ಕಾದ ಸರಳಿನಿಂದ ಚುಚ್ಚಿದ ಇದೇ ಮೂತಿಯಲ್ಲಿ. ಕೊನೆಯ ಕುಣಿಯುವ ಕರಡಿ ಎಂದು ಗುರುತಿಸಲಾದ ರಾಜು 2009ರಲ್ಲಿ ಬನ್ನೇರುಘಟ್ಟದ ಪುನರ್ವಸತಿ ಕೇಂದ್ರ ಸೇರಿತು.

ಹಾಗಾದರೆ ನಮ್ಮ ತಯಾರಿಯೂ ಮೂಗಿನಿಂದಲೇ ಶುರುವಾಗಬೇಕು. ಬಹಳ ಜನ ಕಾಡುಬಣ್ಣದ ಅಂಗಿ ಕೊಳ್ಳಲು ಪೇಟೆ ಸುತ್ತುತ್ತಾರೆ, ಅದನ್ನು ತೊಟ್ಟು ಮೇಲೆ ಸೆಂಟು ಹೊಡೆದುಕೊಳ್ಳುತ್ತಾರೆ. ಬಣ್ಣ ಮಾಸಲಾಗಿದ್ದರೆ ಸಾಕು, ಮನೆಯಲ್ಲಿದ್ದದ್ದೇ ನಡೆಯುತ್ತದೆ. ಅತ್ತರು, ಘಮಘಮಿಸುವ ತಲೆಎಣ್ಣೆ, ಬೀಡಿ–ಸಿಗರೇಟು ಬೇಡ. ಬುತ್ತಿಯ ರೊಟ್ಟಿ, ಬೆಳ್ಳುಳ್ಳಿ ಹಾಕಿದ ಶೇಂಗಾ ಚಟ್ನಿಯನ್ನು ಮೊದಲೇ ಉಂಡು, ಡಬ್ಬಿಯನ್ನು ಗಾಡಿಯಲ್ಲೇ ಬಿಟ್ಟು ಗೋಪುರ ಹತ್ತಿ. ಕಣದಲ್ಲಿ ರಾಶಿ ತೂರುವವರು ಗಾಳಿ ನೋಡಿ ನಿಲ್ಲುವ ಹಾಗೆ ಇಲ್ಲಿಯೂ ಗಾಳಿ ನೋಡಬೇಕು: ಗುಡ್ಡದ ಕಡೆಯಿಂದ ನಿಮ್ಮ ಮುಖಕ್ಕೆ ಬೀಸುತ್ತಿದ್ದರೆ ಲೇಸು, ಬೆನ್ನಿನಿಂದ ಬೀಸುತ್ತಿದ್ದರೆ ನಿಮ್ಮ ವಾಸನೆ ನಿಮಗಿಂತ ಮೊದಲೇ ಬಂಡೆ ಮುಟ್ಟಿರುತ್ತದೆ. ಕಣ್ಣು ಮಂದವೆಂದು ಎದ್ದು ಓಡಾಡುವ ಹಾಗೂ ಇಲ್ಲ. ಅಲುಗಾಟ ಅದಕ್ಕೂ ಕಾಣುತ್ತದೆ, ಮೊಬೈಲಿನ ರಿಂಗು ಅದಕ್ಕೂ ಕೇಳುತ್ತದೆ.

ದುಡ್ಡು ಖರ್ಚು ಮಾಡುವುದೇ ಆದರೆ ಬೈನಾಕ್ಯುಲರಿಗೆ ಮಾಡಿ. ಅದರ ಮೇಲೆ 8x42, 10x25 ಎಂದು ಬರೆದಿರುತ್ತದೆ. ಮೊದಲನೆಯದು ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಅಂಗಡಿಯಲ್ಲಿ ಎಲ್ಲರೂ ಹತ್ತು ಪಟ್ಟಿನದಕ್ಕೇ ಕೈ ಹಾಕುತ್ತಾರೆ. ಆದರೆ ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ ನೋಡಿ. ಅಷ್ಟು ಮಿಲಿಮೀಟರ್ ಅಗಲದ ಬೆಳಕು ಹಿಂದಿನ ಗಾಜಿನಿಂದ ಹೊರಬಿದ್ದು ಕಣ್ಣು ಸೇರುತ್ತದೆ. ಬೈನಾಕ್ಯುಲರನ್ನು ತೋಳಳತೆ ದೂರ ಹಿಡಿದು ಆಕಾಶಕ್ಕೆ ತಿರುಗಿಸಿದರೆ ಹಿಂದಿನ ಗಾಜಿನ ನಡುವೆ ಆ ಬೆಳ್ಳನೆಯ ಚುಕ್ಕೆಯೇ ಕಾಣುತ್ತದೆ. 8x42ರಲ್ಲಿ ಅದು ಐದು ಮಿಲಿಮೀಟರಿಗೂ ಹೆಚ್ಚು, 10x25ರಲ್ಲಿ ಬರೀ ಎರಡೂವರೆ. ಹೊತ್ತು ಮುಳುಗುವಾಗ ನಮ್ಮ ಕಣ್ಣಪಾಪೆ ಐದಾರು ಮಿಲಿಮೀಟರಿನಷ್ಟು ಅರಳಿ ಬೆಳಕಿಗಾಗಿ ಕಾದಿರುತ್ತದೆ. ಎರಡೂವರೆಯ ಚುಕ್ಕೆ ಅದನ್ನು ತುಂಬುವುದಿಲ್ಲ. ಕರಡಿ ಕಾಣುವ ಹೊತ್ತೇ ಅದು. ಕಪ್ಪು ಕರಡಿ, ಬಂಡೆಯ ಸಂದಿಯ ಕಪ್ಪು ನೆರಳು, ಎರಡೂ ಒಂದೇ ಆಗಿಬಿಡುತ್ತವೆ. ಆಗ ಕರಡಿಯ ಇಡೀ ಆಕಾರವನ್ನು ಹುಡುಕಬೇಡಿ, ಬೂದುಬಿಳಿ ಮೂತಿಯನ್ನು ಹುಡುಕಿ. ಎದ್ದು ನಿಂತರೆ ಎದೆಯ ಮೇಲಿನ ಇಂಗ್ಲಿಷ್ ‘ವಿ’ ಅಕ್ಷರದಂಥ ಬಿಳಿ ಪಟ್ಟೆಯೂ ಕಂಡೀತು.

ಕಾಯುವಾಗ ಬೇಸರವೇನೂ ಆಗುವುದಿಲ್ಲ. ನವಿಲು, ಮುಂಗುಸಿ, ಕೌಜುಗ, ಕಾಡುಹಂದಿ ಇರುವ ಕಾಡು ಇದು, ಬೆಲ್ಲದ ವಾಸನೆ ಕರಡಿಗೊಂದೇ ಗೊತ್ತಾಗುವುದೂ ಅಲ್ಲ. ತಿಂಗಳು ಆರಿಸಿಕೊಳ್ಳಲು ಆಗುವುದಾದರೆ ಫೆಬ್ರುವರಿ–ಮಾರ್ಚ್ ನನ್ನ ಆಯ್ಕೆ. ಚಳಿಗಾಲದಲ್ಲಿ, ಹೆಚ್ಚಾಗಿ ಡಿಸೆಂಬರ್–ಜನವರಿಯಲ್ಲಿ, ಗವಿಯೊಳಗೆ ಈದ ತಾಯಿ ಎರಡು ತಿಂಗಳ ಆಚೀಚೆ ಮರಿಗಳೊಂದಿಗೆ ಹೊರಬರುತ್ತದೆ. ಸಾಮಾನ್ಯವಾಗಿ ಎರಡು ಮರಿ. ಅವು ತಾಯಿಯ ಬೆನ್ನಿನ ಜೊಂಪೆಗೂದಲನ್ನು ಬಿಗಿಯಾಗಿ ಹಿಡಿದು ಸವಾರಿ ಮಾಡುತ್ತವೆ, ಹಲವು ತಿಂಗಳ ಕಾಲ. ಬೇರೆ ಯಾವ ಕರಡಿಯಲ್ಲೂ ಇದು ದಿನದ ರೂಢಿಯಲ್ಲ. ಅಮೆರಿಕದ ಕಪ್ಪು ಕರಡಿ ಅಪಾಯ ಕಂಡರೆ ಮರಿಗಳನ್ನು ಮರ ಹತ್ತಿಸುತ್ತದೆ. ನಮ್ಮ ಕುರುಚಲು ಕಾಡಿನಲ್ಲಿ ದೊಡ್ಡ ಮರಗಳೇ ಕಡಿಮೆ, ಇದ್ದರೂ ಚಿರತೆ ಹಿಂದೆಯೇ ಹತ್ತುತ್ತದೆ. ಹುಲಿ–ಚಿರತೆಗಳ ನಡುವೆ ಓಡಿ ತಪ್ಪಿಸಿಕೊಳ್ಳಲಾಗದೆ ಬಾಳಿದ ಈ ಪ್ರಾಣಿ, ಗಾಬರಿಯಾದರೆ ತಾನೇ ಮೊದಲು ಮೇಲೆ ಬೀಳುವ ಗುಣ ಬೆಳೆಸಿಕೊಂಡಿದೆ ಎನ್ನುವುದು ವಿಜ್ಞಾನಿಗಳ ವಿವರಣೆ. ಮನುಷ್ಯರ ಮೇಲೆ ಬೀಳುವುದೂ ಹಾಗೆಯೇ, ತಿನ್ನಲು ಅಲ್ಲ.

ಗೋಪುರದ ಮೇಲೆ ಬಾಯಿ ಮುಚ್ಚಿಕೊಂಡು ಕೂತವರು ಕಾಡಿನ ಹಾದಿಯಲ್ಲಿ ನಡೆಯುವಾಗ ಅದಕ್ಕೆ ಪೂರಾ ಉಲ್ಟಾ ಮಾಡಬೇಕು. ಕಲಘಟಗಿಯ ಆಚೆ ಕಾಡಂಚಿನ ಊರುಗಳಲ್ಲಿ ಕಟ್ಟಿಗೆಗೆ, ಹಣ್ಣಿಗೆ ಹೋಗುವವರಿಗೆ, ಗೋವಿನಜೋಳದ ಹೊಲ ಕಾಯುವವರಿಗೆ ಈ ಮಾತು. ಹುತ್ತಕ್ಕೆ ಮೂತಿ ಇಟ್ಟು ಹೀರುತ್ತಿರುವ ಕರಡಿಗೆ ತನ್ನದೇ ಸದ್ದಿನಲ್ಲಿ ನಿಮ್ಮ ಹೆಜ್ಜೆ ಕೇಳುವುದಿಲ್ಲ. ತಲೆ ಎತ್ತಿದಾಗ ನೀವು ಹತ್ತು ಮಾರಿನಲ್ಲಿ ನಿಂತಿದ್ದರೆ ಅದಕ್ಕೆ ಯೋಚಿಸಲು ಪುರುಸೊತ್ತಿಲ್ಲ. ಆದ್ದರಿಂದ ಒಬ್ಬರೇ ಹೋಗಬಾರದು, ಗಟ್ಟಿಯಾಗಿ ಮಾತಾಡುತ್ತ, ಕೋಲಿನಿಂದ ಗಿಡ ಬಡಿಯುತ್ತ ಹೋಗಬೇಕು, ನಸುಕು–ಮುಸ್ಸಂಜೆ ತಪ್ಪಿಸಬೇಕು. ದೂರದಲ್ಲಿ ಕಂಡರೆ ಓಡದೆ ಹಿಂದೆ ಸರಿಯಬೇಕು. ಮೇಲೆ ಬಿದ್ದೇಬಿಟ್ಟರೆ ಬೋರಲು ಮಲಗಿ, ಮುಖವನ್ನು ನೆಲಕ್ಕೆ ಒತ್ತಿ, ಎರಡೂ ಕೈಗಳನ್ನು ಹೆಣೆದು ಕತ್ತಿನ ಹಿಂಭಾಗ ಮುಚ್ಚಿಕೊಳ್ಳಬೇಕು ಎನ್ನುತ್ತಾರೆ ತಜ್ಞರು. ಮುಖ–ತಲೆಗಳಿಗೆ ಆಗುವ ಗಾಯವೇ ಇದರಲ್ಲಿ ಘೋರ. ಧೈರ್ಯಕ್ಕೆಂದು ನಾಯಿಯನ್ನು ಕರೆದೊಯ್ಯುವುದಂತೂ ಬೇಡವೇ ಬೇಡ. ಅದು ಮುಂದೆ ಓಡಿ ಕರಡಿಯನ್ನು ಕೆಣಕುತ್ತದೆ, ಕರಡಿ ತಿರುಗಿಬಿದ್ದರೆ ಬಾಲ ಮುದುರಿಕೊಂಡು ಯಜಮಾನನ ಕಾಲಬುಡಕ್ಕೇ ಓಡಿ ಬರುತ್ತದೆ, ಕರಡಿಯನ್ನೂ ಬೆನ್ನಿಗೆ ಹಚ್ಚಿಕೊಂಡು.