ಇಯರ್‌ಫೋನ್ ಹಾಡು: ಕಿವಿ ತೆರುವ ಬೆಲೆ ಎಷ್ಟು?

ಬೆಳಗಿನ ಎಂಟೂವರೆ ಗಂಟೆ. ಬೆಂಗಳೂರಿನ ಮೆಜೆಸ್ಟಿಕ್‌ನಿಂದ ಹೊರಟ ನಗರ ಸಾರಿಗೆ ಬಸ್ಸಿನಲ್ಲಿ ಕಾಲಿಡಲೂ ಜಾಗವಿಲ್ಲ. ನಿರ್ವಾಹಕ ಎರಡು ಬಾರಿ ಟಿಕೆಟ್ ಕೇಳಿದರೂ ಕಿಟಕಿ ಪಕ್ಕದ ಕಾಲೇಜು ಯುವಕ ತಿರುಗಿ ನೋಡುವುದಿಲ್ಲ. ಹೆಗಲು ತಟ್ಟಿದ ಮೇಲಷ್ಟೇ ಆತ ಕಿವಿಯಿಂದ ಇಯರ್‌ಫೋನ್ ತೆಗೆಯುತ್ತಾನೆ. ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಲ್ಲಿಯೂ ಇದು ನಿತ್ಯ ಕಾಣುವ ನೋಟ. ಇಂದು ಇಯರ್‌ಫೋನ್ ಇರುವ ಕಾರಣಕ್ಕೆ ಕೇಳಿಸದ ಮಾತು, ಇಪ್ಪತ್ತು ವರ್ಷಗಳ ಬಳಿಕ ಅದನ್ನು ತೆಗೆದಿಟ್ಟಾಗಲೂ ಕೇಳಿಸದಿದ್ದರೆ?

ಇದು ಕೇವಲ ಹಿರಿಯರ ಗೊಣಗಾಟವಲ್ಲ. ಕಿವಿಗೆ ಹಿತವಲ್ಲದ ರೀತಿಯಲ್ಲಿ ಸಂಗೀತ ಆಲಿಸುವುದರಿಂದ ಜಗತ್ತಿನಾದ್ಯಂತ 100 ಕೋಟಿಗೂ ಹೆಚ್ಚು ಯುವಜನರು ಶ್ರವಣದೋಷದ ಅಪಾಯ ಎದುರಿಸುತ್ತಿದ್ದಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಗಮನಿಸಬೇಕಾದ ಸಂಗತಿಯೆಂದರೆ, ಇದು ಬಹುಮಟ್ಟಿಗೆ ತಪ್ಪಿಸಬಹುದಾದ ದೋಷ.

ವಾಕ್‌ಮನ್‌ನಿಂದ ವೈರ್‌ಲೆಸ್‌ವರೆಗೆ

ನಡೆದಾಡುತ್ತಲೇ ಹಾಡು ಕೇಳುವ ಅಭ್ಯಾಸವನ್ನು ಜನಸಾಮಾನ್ಯರಿಗೆ ತಂದುಕೊಟ್ಟಿದ್ದು ಜಪಾನಿನ ಸೋನಿ ಸಂಸ್ಥೆ 1979ರ ಜುಲೈನಲ್ಲಿ ಮಾರುಕಟ್ಟೆಗೆ ಬಿಟ್ಟ ವಾಕ್‌ಮನ್. ಒಬ್ಬರೇ ಕುಳಿತು ಹಾಡು ಕೇಳುವುದು ಅಸಭ್ಯವೆನಿಸೀತೆಂಬ ಅಳುಕಿನಿಂದ ಮೊದಲ ಮಾದರಿಯಲ್ಲಿ ಇಬ್ಬರಿಗೆಂದು ಎರಡು ಹೆಡ್‌ಫೋನ್ ಕಿಂಡಿಗಳನ್ನು ಇರಿಸಲಾಗಿತ್ತು. 2001ರಲ್ಲಿ ಬಂದ ಆಪಲ್ ಕಂಪನಿಯ ಐಪಾಡ್ ಸಾವಿರ ಹಾಡುಗಳನ್ನು ಜೇಬಿಗಿಳಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ಪ್ರಸಾರ ಆರಂಭಿಸಿತು. ಬಳಿಕ ಎಫ್‌ಎಂ ಇರುವ ಮೊಬೈಲ್‌ಗಳು ಬಂದಾಗ ಇಯರ್‌ಫೋನ್ ತಂತಿಯೇ ಆಂಟೆನಾ ಆಗಿ ಕೆಲಸ ಮಾಡುತ್ತಿದ್ದುದರಿಂದ, ಅದನ್ನು ಚುಚ್ಚದೆ ರೇಡಿಯೊ ಹಾಡುತ್ತಿರಲಿಲ್ಲ. 2016ರ ನಂತರ ಆ ತಂತಿಯೂ ಮಾಯವಾಗತೊಡಗಿತು.

ಕ್ಯಾಸೆಟ್ಟಿಗೆ ಕೊನೆಯಿತ್ತು, ಮಗ್ಗುಲು ಬದಲಿಸಬೇಕಿತ್ತು, ಸೆಲ್ ಮುಗಿಯುತ್ತಿತ್ತು. ಈಗಿನ ಅಂತರ್ಜಾಲದ ಹಾಡಿಗೆ ಕೊನೆಯಿಲ್ಲ. ಪ್ರಯಾಣ, ಓದು, ವ್ಯಾಯಾಮ, ಆಟ, ಆನ್‌ಲೈನ್ ತರಗತಿ, ಕಚೇರಿಯ ಸಭೆ ಎಲ್ಲಕ್ಕೂ ಅದೇ ಇಯರ್‌ಫೋನ್. ಹೀಗೆ ಕಿವಿಗೆ ಸಿಗುತ್ತಿದ್ದ ಬಿಡುವು ಕರಗಿಹೋಯಿತು.

ಡೆಸಿಬಲ್ ಲೆಕ್ಕ

ಶಬ್ದದ ಮಟ್ಟವನ್ನು ಅಳೆಯುವ ಮಾನ ಡೆಸಿಬಲ್. ಇದರ ಏರಿಕೆ ಸಾಮಾನ್ಯ ಎಣಿಕೆಯಂತಲ್ಲ. 80 ಡೆಸಿಬಲ್‌ಗಿಂತ 83 ಡೆಸಿಬಲ್ ಅತ್ಯಲ್ಪ ಹೆಚ್ಚೆಂದು ತೋರಿದರೂ ಕಿವಿಗೆ ತಲುಪುವ ಶಬ್ದಶಕ್ತಿ ಇಮ್ಮಡಿಯಾಗಿರುತ್ತದೆ. ಆದ್ದರಿಂದ ಮಟ್ಟ ಪ್ರತಿ 3 ಡೆಸಿಬಲ್ ಏರಿದಂತೆ, ಸುರಕ್ಷಿತವಾಗಿ ಆಲಿಸಬಹುದಾದ ಅವಧಿ ಅರ್ಧಕ್ಕಿಳಿಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಸೂಚಿಸಿರುವ ಮಿತಿ 80 ಡೆಸಿಬಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ; ಮಕ್ಕಳಿಗೆ 75 ಡೆಸಿಬಲ್. ಮಟ್ಟ 83ಕ್ಕೇರಿದರೆ 20 ಗಂಟೆ, 86ಕ್ಕೇರಿದರೆ 10 ಗಂಟೆ. 90 ಡೆಸಿಬಲ್‌ನಲ್ಲಿ ವಾರವಿಡೀ ಸೇರಿ ನಾಲ್ಕೇ ಗಂಟೆ. 100 ಡೆಸಿಬಲ್ ತಲುಪಿದರೆ ಇಡೀ ವಾರದ ಪಾಲು ಸುಮಾರು 20 ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಎದುರಾಬದುರು ಕುಳಿತು ಆಡುವ ಮಾತು ಸುಮಾರು 60 ಡೆಸಿಬಲ್ ಇರುತ್ತದೆ ಎಂಬುದನ್ನು ನೆನಪಿಟ್ಟರೆ ಈ ಅಂಕಿಗಳ ಅರ್ಥ ಸ್ಪಷ್ಟವಾಗುತ್ತದೆ.

ಬಸ್ಸಿನ ಯುವಕ ದಿನಕ್ಕೆರಡು ಗಂಟೆಯಂತೆ ವಾರದಲ್ಲಿ ಆರು ದಿನ 90 ಡೆಸಿಬಲ್ ಮಟ್ಟದಲ್ಲಿ ಹಾಡು ಕೇಳುತ್ತಾನೆಂದುಕೊಳ್ಳೋಣ. ಒಟ್ಟು 12 ಗಂಟೆ. ಅಂದರೆ, ಮನೆಯಲ್ಲಿ ಕೇಳಿದ್ದನ್ನು ಬಿಟ್ಟರೂ ಮಿತಿಯ ಮೂರು ಪಟ್ಟು.

ಒಳಗಿವಿಯಲ್ಲಿ ಏನಾಗುತ್ತದೆ?

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತು ಸುರುಳಿಗೊಂಡ ಕಾಕ್ಲಿಯ ಎಂಬ ಪುಟ್ಟ ಅಂಗವಿದೆ. ಅದರೊಳಗಿನ ದ್ರವದಲ್ಲಿ ಶಬ್ದದ ಅಲೆ ಎದ್ದಾಗ ಕೂದಲಿನಂಥ ಎಳೆಗಳುಳ್ಳ ಕೋಶಗಳು ಬಾಗುತ್ತವೆ. ಆ ಚಲನೆಯೇ ವಿದ್ಯುತ್ ಸಂಕೇತವಾಗಿ ನರದ ಮೂಲಕ ಮಿದುಳಿಗೆ ಸಾಗುತ್ತದೆ. ಒಂದೊಂದು ಕಿವಿಯಲ್ಲಿ ಇಂತಹ ಕೋಶಗಳು ಇರುವುದು ಸುಮಾರು 15 ಸಾವಿರ ಮಾತ್ರ. ಹಕ್ಕಿಗಳಲ್ಲಿ ಇವು ಸತ್ತರೆ ಮತ್ತೆ ಹುಟ್ಟುತ್ತವೆ. ಮನುಷ್ಯರಿಗೆ ಆ ಭಾಗ್ಯವಿಲ್ಲ.

ಹುಲ್ಲಿನ ಮೇಲೆ ಒಮ್ಮೆ ನಡೆದರೆ ಅದು ಬಾಗಿ ಮತ್ತೆ ತಲೆಯೆತ್ತುತ್ತದೆ. ದಿನವೂ ಅಲ್ಲೇ ತುಳಿದರೆ ಕಾಲುದಾರಿ ಬೀಳುತ್ತದೆ. ಅಲ್ಲಿ ಹುಲ್ಲು ಚಿಗುರುವುದಿಲ್ಲ. ಡಿಜೆ ಅಬ್ಬರದ ಮೆರವಣಿಗೆಯಿಂದ ಬಂದ ರಾತ್ರಿ ಕಿವಿ ಮಂದವಾಗಿ, ಗುಂಯ್ ಎಂದು ಮೊರೆದು, ಬೆಳಗಾಗುವಷ್ಟರಲ್ಲಿ ಸರಿಹೋಗುವುದು ಮೊದಲ ಬಗೆ. ಎಲ್ಲವೂ ಸರಿಯಾಯಿತೆಂಬ ಭಾವನೆಯೂ ಪೂರ್ಣ ಸತ್ಯವಲ್ಲ. ಶಬ್ದದ ಹೊಡೆತಕ್ಕೆ ಒಳಗಾದ ಇಲಿಗಳಲ್ಲಿ ಶ್ರವಣಶಕ್ತಿ ಮೊದಲ ಮಟ್ಟಕ್ಕೆ ಮರಳಿದ ಬಳಿಕವೂ, ಕೋಶಗಳಿಗೂ ನರಕ್ಕೂ ನಡುವಿನ ಸಂಪರ್ಕಬಿಂದುಗಳು ಶಾಶ್ವತವಾಗಿ ನಶಿಸಿದ್ದನ್ನು ಅಮೆರಿಕದ ಸಂಶೋಧಕರು 2009ರಲ್ಲಿ ತೋರಿಸಿಕೊಟ್ಟರು.

ಶಬ್ದದಿಂದಾಗುವ ಹಾನಿ ಮೊದಲು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ 4,000 ಹರ್ಟ್ಸ್ ಆಸುಪಾಸಿನ ಕೀರಲು ಸ್ವರಗಳಲ್ಲಿ. ಮಾತಿನಲ್ಲಿ ಸ್ವರಾಕ್ಷರಗಳಿಗೆ ಗಟ್ಟಿತನವಿದೆ. ಆದರೆ ಸ, ಶ, ತ, ಕಗಳಂಥ ವ್ಯಂಜನಗಳ ಗುರುತು ಇರುವುದು ಈ ಮೇಲಿನ ಕಂಪನಗಳಲ್ಲಿ. ಹೀಗಾಗಿ ದೋಷ ಆರಂಭವಾದವರಿಗೆ ಮಾತು ಕೇಳಿಸುತ್ತದೆ, ತಿಳಿಯುವುದಿಲ್ಲ. ಹಾಲು, ಸಾಲು, ಕಾಲು, ಪಾಲು ಎಲ್ಲವೂ ಒಂದೇ ಆಗುತ್ತವೆ. ಜನಜಂಗುಳಿಯಲ್ಲಿ ತೊಂದರೆ ಇನ್ನೂ ಹೆಚ್ಚು. ನೋವಿಲ್ಲ, ರಕ್ತವಿಲ್ಲ, 'ಎದುರಿನವರೇ ಸರಿಯಾಗಿ ಮಾತಾಡುತ್ತಿಲ್ಲ' ಎಂಬ ಭ್ರಮೆಯಲ್ಲೇ ವರ್ಷಗಳು ಉರುಳುತ್ತವೆ.

ಎಲ್ಲ ಕಿವುಡುತನಕ್ಕೂ ಇಯರ್‌ಫೋನೇ ಕಾರಣವಲ್ಲ ಎಂಬುದನ್ನೂ ಹೇಳಲೇಬೇಕು. 2024ರ ಜೂನ್‌ನಲ್ಲಿ ಹಿನ್ನೆಲೆ ಗಾಯಕಿ ಅಲ್ಕಾ ಯಾಗ್ನಿಕ್ ತಮಗೆ ನರಸಂಬಂಧಿ ಶ್ರವಣದೋಷ ಉಂಟಾಗಿರುವುದನ್ನು ಪ್ರಕಟಿಸಿದಾಗ, ವೈದ್ಯರು ಗುರುತಿಸಿದ ಕಾರಣ ವೈರಾಣು ಸೋಂಕು ಎಂದೇ ತಿಳಿಸಿದ್ದರು. ಆದರೂ ಅವರು ಅದೇ ಸಂದರ್ಭದಲ್ಲಿ ಅಬ್ಬರದ ಸಂಗೀತ ಮತ್ತು ಹೆಡ್‌ಫೋನ್‌ಗಳ ಬಗ್ಗೆ ಯುವಜನರಿಗೆ ಎಚ್ಚರಿಕೆ ನೀಡಿದರು.

ಊರಿನ ಗದ್ದಲವೂ ಪಾಲುದಾರ

ವಾಲ್ಯೂಮ್ ಏರಿಸುವ ಯುವಕನನ್ನಷ್ಟೇ ದೂರುವುದು ನ್ಯಾಯವಲ್ಲ. ದೇಶದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಣಿಜ್ಯ ಪ್ರದೇಶದಲ್ಲಿ ಹಗಲಿನ ಮಿತಿ 65 ಡೆಸಿಬಲ್, ವಸತಿ ಪ್ರದೇಶದಲ್ಲಿ 55. ದಟ್ಟಣೆಯ ವೃತ್ತದಲ್ಲಿ ನಿಂತವರಿಗೆ ಈ ಅಂಕಿ ನಗು ತರಿಸೀತು. ಎಂಜಿನ್ನು, ಹಾರ್ನುಗಳ ಗದ್ದಲದಲ್ಲಿ ಹಾಡಿನ ಸಾಹಿತ್ಯ ಕೇಳಬೇಕಾದರೆ ಹಾಡು ಆ ಗದ್ದಲವನ್ನು ಮೀರಬೇಕು. ಮನೆಯಲ್ಲಿ ಸಾಕೆನಿಸಿದ ವಾಲ್ಯೂಮ್ ಬಸ್ಸಿನಲ್ಲಿ ಸಾಲದಾಗುವುದು ಇದಕ್ಕೇ. ಇಳಿದ ಮೇಲೂ ಅದನ್ನು ತಗ್ಗಿಸಲು ಹೆಚ್ಚಿನವರು ಮರೆಯುತ್ತಾರೆ.

ಹೊರಗಿನ ಗದ್ದಲ ಕುಗ್ಗಿಸುವ ಇಯರ್‌ಫೋನ್‌ಗಳು ಇಲ್ಲಿ ಕೊಂಚ ನೆರವಾಗುತ್ತವೆ. ಇವುಗಳ ಮೈಕ್ ಹೊರಗಿನ ಶಬ್ದವನ್ನು ಗ್ರಹಿಸಿ, ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಸೃಷ್ಟಿಸಿ ಎರಡೂ ಒಂದನ್ನೊಂದು ಅಳಿಸುವಂತೆ ಮಾಡುತ್ತದೆ. ಎಂಜಿನ್ನಿನ ಒಂದೇ ಸಮನಾದ ಗುಡುಗಾಟಕ್ಕೆ ಇದು ಪರಿಣಾಮಕಾರಿ. ಆದರೆ ಲಾಭವಿರುವುದು ವಾಲ್ಯೂಮ್ ತಗ್ಗಿಸಿದರೆ ಮಾತ್ರ. ರಸ್ತೆ ದಾಟುವಾಗ, ರೈಲು ಹಳಿಯ ಬಳಿ ಇದೇ ಸೌಲಭ್ಯ ಪ್ರಾಣಕ್ಕೆ ಎರವಾಗಬಲ್ಲದು.

ಕೊಳ್ಳುವ ಮುನ್ನ, ಕೇಳುವ ಮುನ್ನ

ಐರೋಪ್ಯ ಒಕ್ಕೂಟದಲ್ಲಿ 2013ರಿಂದ ಇಂಥ ಸಾಧನಗಳು 85 ಡೆಸಿಬಲ್ ದಾಟುವ ಮುನ್ನ ಬಳಕೆದಾರರನ್ನು ಎಚ್ಚರಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟಗಳು 2018ರಲ್ಲಿ ಜಂಟಿಯಾಗಿ ರೂಪಿಸಿದ ಮಾನದಂಡ, ವಾರದ ಶಬ್ದಪ್ರಮಾಣವನ್ನು ಸಾಧನವೇ ಲೆಕ್ಕವಿಡಬೇಕೆನ್ನುತ್ತದೆ. ಅನೇಕ ಫೋನ್‌ಗಳಲ್ಲಿ ಇಂಥ ಎಚ್ಚರಿಕೆ ಬರುತ್ತದೆ. ಓದದೆ 'ಸರಿ' ಒತ್ತುವವರೇ ಹೆಚ್ಚು. ಆದ್ದರಿಂದ ಉಳಿದದ್ದು ಕೇಳುಗರ ಕೈಯಲ್ಲೇ ಇದೆ:

* ವಾಲ್ಯೂಮ್ ಶೇ. 60ನ್ನು ಮೀರದಿರಲಿ. ಫೋನ್‌ನಲ್ಲಿ ಗರಿಷ್ಠ ಮಿತಿ ನಿಗದಿಪಡಿಸುವ ಅವಕಾಶವಿದ್ದರೆ ಬಳಸುವುದು ಒಳಿತು.
* ತೋಳಳತೆ ದೂರದಲ್ಲಿರುವವರ ಮಾತು ಕೇಳಿಸದಿದ್ದರೆ ಹಾಡಿನ ಮಟ್ಟ ಅತಿಯಾಗಿದೆ ಎಂದೇ ಅರ್ಥ.
* ಗಂಟೆಗೊಮ್ಮೆ ಕಿವಿಗೆ ವಿಶ್ರಾಂತಿ ಇರಲಿ. ಹಾಡು ಕೇಳುತ್ತಲೇ ನಿದ್ರಿಸುವ ಅಭ್ಯಾಸ ಬೇಡ.
* ಕಿವಿಯಲ್ಲಿ ಮೊರೆತ ನಿಲ್ಲದಿದ್ದರೆ ಕಿವಿ, ಮೂಗು, ಗಂಟಲು ತಜ್ಞರನ್ನು ಕಾಣಬೇಕು. ಹಠಾತ್ತನೆ ಒಂದು ಕಿವಿ ಕೇಳಿಸದಂತಾದರೆ ಒಂದು ದಿನವೂ ಕಾಯಬಾರದು.

ಶ್ರವಣ ಪರೀಕ್ಷೆ ನೋವಿಲ್ಲದ ಸರಳ ಪರೀಕ್ಷೆ. ಈ ಕ್ಷೇತ್ರದಲ್ಲಿ ದೇಶಕ್ಕೇ ಹೆಸರಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಿಂದ ಮೈಸೂರಿನಲ್ಲೇ ಇದೆ. ಕಣ್ಣು ಮಂಜಾದರೆ ಕನ್ನಡಕಕ್ಕೆ ಓಡುವ ಜನ ಕಿವಿಯ ವಿಷಯದಲ್ಲಿ ಸಂಕೋಚಪಡುವುದೇಕೆ?

ಸಂಗೀತ ಕಿವಿಯ ಶತ್ರುವಲ್ಲ. ಹದ ತಪ್ಪಿದ ಶಬ್ದ, ಬಿಡುವಿಲ್ಲದ ಅವಧಿ ಇವೆರಡೂ ಸೇರಿದಾಗ ಮಾತ್ರ ಅದು ಹೊರೆ. ಹಾಡನ್ನು ಬಹುಕಾಲ ಕೇಳುವ ಆಸೆಯಿದ್ದವರು ಇಂದು ಅದನ್ನು ಮೆಲ್ಲಗೆ ಕೇಳುವುದೇ ಜಾಣತನ.