ಸೌರಶಕ್ತಿ: ಬೀಳುವುದೆಷ್ಟು, ದಕ್ಕುವುದೆಷ್ಟು?

ಬಿಸಿಲನ್ನು ದುಡಿಸಿಕೊಳ್ಳುವ ವಿದ್ಯೆ ನಮ್ಮ ಮನೆಗಳಿಗೆ ಹೊಸದಲ್ಲ. ಬೇಸಿಗೆ ಬಂತೆಂದರೆ ಮಾಳಿಗೆಯ ಮೇಲೆ ಹಪ್ಪಳ, ಸಂಡಿಗೆ, ಶ್ಯಾವಿಗೆಗಳನ್ನು ಹರಡುವ ತಾಯಂದಿರೂ, ಕಣದಲ್ಲಿ ಕೆಂಪು ಮೆಣಸಿನಕಾಯಿಯನ್ನು ಒಣಗಿಸುವ ಬ್ಯಾಡಗಿ ಸೀಮೆಯ ರೈತರೂ ತಲೆತಲಾಂತರದಿಂದ ಇದನ್ನು ಬಲ್ಲವರೇ. ಯಾವ ಹೊತ್ತಿಗೆ ಯಾವ ಮೂಲೆಗೆ ನೆರಳು ಬರುತ್ತದೆ, ಯಾವ ತಿಂಗಳಲ್ಲಿ ಮೋಡ ಕವಿಯುತ್ತದೆ ಎಂಬುದನ್ನು ನೋಡಿಕೊಂಡೇ ಅವರು ಕೆಲಸಕ್ಕೆ ಕೈ ಹಾಕುತ್ತಿದ್ದರು. ಇಂದು ಅದೇ ಮಾಳಿಗೆಗಳ ಮೇಲೆ ಸೌರಫಲಕಗಳು ಬಂದಿವೆ. ಆದರೆ ಬಿಸಿಲು ಪುಕ್ಕಟೆಯಾದುದರಿಂದ ವಿದ್ಯುತ್ತೂ ಪುಕ್ಕಟೆ ಎಂಬ ಮಾತನ್ನು ನಂಬಿ, ಕೂಡಿಟ್ಟ ಹಣವನ್ನು ತೊಡಗಿಸಿ, ಬಳಿಕ ನಿರಾಶರಾಗುವ ಕುಟುಂಬಗಳೂ ಉಂಟು. ಲೆಕ್ಕವನ್ನು ಮೊದಲೇ ಹಾಕಿಕೊಂಡರೆ ಈ ನಿರಾಶೆಗೆ ಎಡೆಯಿಲ್ಲ. ಆ ಲೆಕ್ಕವನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಬಿಸಿಲಿನ ಅಳತೆ

ಆಕಾಶ ನಿರ್ಮಲವಾಗಿರುವ ನಡುಹಗಲಿನಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ಸುಮಾರು 1,000 ವಾಟ್‌ಗಳಷ್ಟು ಶಕ್ತಿ ಬೀಳುತ್ತದೆ. ಬೆಳಿಗ್ಗೆ, ಸಂಜೆ ಅದು ಕಡಿಮೆ; ರಾತ್ರಿ ಇಲ್ಲವೇ ಇಲ್ಲ. ಇಡೀ ವರ್ಷದ ಸರಾಸರಿ ತೆಗೆದರೆ ನಮ್ಮ ನಾಡಿನ ಬಯಲುಸೀಮೆಯಲ್ಲಿ ಪ್ರತಿ ಚದರ ಮೀಟರಿಗೆ ದಿನವೊಂದಕ್ಕೆ 5 ಯೂನಿಟ್‌ಗಿಂತ ತುಸು ಹೆಚ್ಚು ಶಕ್ತಿ ದೊರೆಯುತ್ತದೆ. ಇದು ಸಣ್ಣ ಸಂಪತ್ತಲ್ಲ. ಆದರೆ ಒಂದೇ ಕಡೆ ರಾಶಿಯಾಗಿ ದೊರೆಯುವ ಕಲ್ಲಿದ್ದಲಿನಂತೆ ಅದು ಇಲ್ಲ. ಹೊಲದ ತುಂಬ ಚೆಲ್ಲಿದ ಕಾಳಿನಂತೆ ಹರಡಿಕೊಂಡಿದೆ. ಆರಿಸಿ ಒಟ್ಟುಗೂಡಿಸಬೇಕು, ಒಟ್ಟುಗೂಡಿಸಿದ್ದನ್ನು ಕಾಪಾಡಬೇಕು. ವೆಚ್ಚವೆಲ್ಲ ಇರುವುದು ಈ ಎರಡು ಕೆಲಸಗಳಲ್ಲಿ.

ಶಾಖವಾಗಿ ಹಿಡಿಯುವ ಬಗೆ

ಸೂರ್ಯಶಕ್ತಿಯನ್ನು ಹಿಡಿಯಲು ಎರಡು ಮಾರ್ಗಗಳಿವೆ. ಮೊದಲನೆಯದು ಶಾಖದ ಮಾರ್ಗ. ಜಿನೀವಾದ ವಿಜ್ಞಾನಿ ಸೋಸ್ಯೂರ್ 1767ರಲ್ಲಿ ಗಾಜಿನ ಮುಚ್ಚಳಗಳುಳ್ಳ ಪೆಟ್ಟಿಗೆಯೊಂದನ್ನು ಬಿಸಿಲಿಗಿಟ್ಟು ಪರೀಕ್ಷಿಸಿದನು. ಮುಂದೆ ಅವನು ಸುಧಾರಿಸಿದ ಪೆಟ್ಟಿಗೆಯೊಳಗಿನ ಶಾಖ ನೀರಿನ ಕುದಿಬಿಂದುವನ್ನೂ ಮೀರಿತು. ಗಾಜು ಬೆಳಕನ್ನು ಒಳಗೆ ಬಿಡುತ್ತದೆ, ಒಳಗೆ ಹುಟ್ಟಿದ ಶಾಖವನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ. ನಮ್ಮ ಮಾಳಿಗೆಯ ಮೇಲಿನ ಸೋಲಾರ್ ವಾಟರ್ ಹೀಟರ್ ಈ ತತ್ವದ ಮೇಲೆಯೇ ನಿಂತಿದೆ. ಕಪ್ಪು ತಗಡಿನಡಿಯ ಕೊಳವೆಗಳಲ್ಲಿ ಬಿಸಿಯಾದ ನೀರು ಹಗುರವಾಗಿ ಮೇಲಿನ ತೊಟ್ಟಿಗೆ ಏರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಪಂಪು ಬೇಡ, ಯಂತ್ರ ಬೇಡ.

ನೂರು ಲೀಟರ್ ನೀರಿನ ಬಿಸಿಯನ್ನು 25 ಡಿಗ್ರಿಗಳಷ್ಟು ಏರಿಸಲು ಸುಮಾರು 3 ಯೂನಿಟ್ ಶಕ್ತಿ ಬೇಕು. ಎರಡು ಚದರ ಮೀಟರಿನ ಹೀಟರ್ ಇದನ್ನು ಒಳ್ಳೆಯ ಬಿಸಿಲಿನ ದಿನ ಸಲೀಸಾಗಿ ಪೂರೈಸುತ್ತದೆ. ಇಷ್ಟೇ ಕೆಲಸವನ್ನು ಫಲಕದ ವಿದ್ಯುತ್ತಿನಿಂದ ಗೀಸರ್ ನಡೆಸಿ ಮಾಡಹೊರಟರೆ ಸುಮಾರು ಎರಡರಷ್ಟು ಫಲಕ ಬೇಕಾದೀತು. ಆದುದರಿಂದ ಸ್ನಾನದ ನೀರಿಗೆ ಶಾಖದ ಮಾರ್ಗವೇ ಲೇಸೆಂದು ನಾವು ಹೇಳುತ್ತೇವೆ.

ಇದಕ್ಕೂ ಮಿತಿಯುಂಟು. ಕೊಳವೆಬಾವಿಯ ಗಡಸು ನೀರು ಬಳಸುವ ಊರುಗಳಲ್ಲಿ ಕೊಳವೆಯೊಳಗೆ ಸುಣ್ಣ ಕಟ್ಟಿ ಕೆಲವೇ ವರ್ಷಗಳಲ್ಲಿ ನೀರಿನ ಓಟ ಕುಗ್ಗುತ್ತದೆ. ಅಂಥಲ್ಲಿ ಕಾಲಕಾಲಕ್ಕೆ ಶುಚಿ ಮಾಡಿಸದೆ ವಿಧಿಯಿಲ್ಲ. ಮಲೆನಾಡಿನ ಆಷಾಢ, ಶ್ರಾವಣಗಳಲ್ಲಿ ಹಂಡೆಯ ಒಲೆಯನ್ನೋ ವಿದ್ಯುತ್ತನ್ನೋ ಮತ್ತೆ ಆಶ್ರಯಿಸಲೇಬೇಕು.

ವಿದ್ಯುತ್ತಾಗಿ ಹಿಡಿಯುವ ಬಗೆ

ಎರಡನೆಯದು ಬೆಳಕನ್ನು ನೇರವಾಗಿ ವಿದ್ಯುತ್ತಾಗಿಸುವ ಮಾರ್ಗ. ಅಮೆರಿಕದ ಬೆಲ್ ಪ್ರಯೋಗಾಲಯವು 1954ರಲ್ಲಿ ಪ್ರದರ್ಶಿಸಿದ ಸಿಲಿಕಾನ್ ಕೋಶವು ಬಿದ್ದ ಬೆಳಕಿನ ನೂರರಲ್ಲಿ 6 ಪಾಲನ್ನು ವಿದ್ಯುತ್ತಾಗಿಸಿತು. ಇಂದು ಮಾರುಕಟ್ಟೆಯ ಉತ್ತಮ ಫಲಕಗಳು 20 ಪಾಲನ್ನು ಮೀರಿವೆ. ಒಂದು ಕಿಲೋವಾಟ್ ಫಲಕಗಳಿಗೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು. ವರ್ಷದ ಸರಾಸರಿಯಲ್ಲಿ ಅದರಿಂದ ದಿನಕ್ಕೆ 4 ಯೂನಿಟ್ ದೊರೆಯುತ್ತದೆ. ನಮ್ಮ ನಾಡಿನಲ್ಲಿ ಫಲಕಗಳನ್ನು ದಕ್ಷಿಣಕ್ಕೆ ಮುಖಮಾಡಿ, 15 ಡಿಗ್ರಿಯ ಆಸುಪಾಸಿನಲ್ಲಿ ಬಾಗಿಸಿ ಕೂರಿಸುವುದು ಯೋಗ್ಯ.

ಬಿಸಿಲು ಹೆಚ್ಚಿದಷ್ಟೂ ಫಲಕಕ್ಕೆ ಲಾಭವೆಂದು ಹಲವರು ಭಾವಿಸುತ್ತಾರೆ. ಫಲಕಕ್ಕೆ ಬೇಕಾದುದು ಬೆಳಕು. ಶಾಖ ಅದಕ್ಕೆ ಹಾನಿಕರ. ಫಲಕದ ಮೇಲೆ ಬರೆದ ಸಾಮರ್ಥ್ಯವು 25 ಡಿಗ್ರಿ ಉಷ್ಣತೆಯಲ್ಲಿ ಅಳೆದದ್ದು. ಬೇಸಿಗೆಯ ಮಧ್ಯಾಹ್ನ ಫಲಕವು 60 ಡಿಗ್ರಿ ದಾಟಿದಾಗ ಇಳುವರಿ ನೂರಕ್ಕೆ 10ರಿಂದ 15ರಷ್ಟು ಇಳಿಯುತ್ತದೆ. ಆದುದರಿಂದ ಫಲಕದ ಕೆಳಗೆ ಗಾಳಿಯಾಡುವಷ್ಟು ಎಡೆ ಬಿಡಬೇಕು. ಒಂದಕ್ಕೊಂದು ಸರಣಿಯಾಗಿ ಜೋಡಿಸಿದ ಫಲಕಗಳಲ್ಲಿ ಒಂದರ ಮೇಲೆ ತೆಂಗಿನ ಗರಿಯ ನೆರಳು ಬಿದ್ದರೂ ಉಳಿದವುಗಳ ಇಳುವರಿ ಕುಗ್ಗಬಹುದು. ಧೂಳನ್ನು ಬೆಳಗಿನ ತಂಪಿನಲ್ಲಿ ತೊಳೆಯಬೇಕು. ಕಾದ ಗಾಜಿನ ಮೇಲೆ ತಣ್ಣೀರು ಸುರಿಯಲಾಗದು.

ರಾತ್ರಿಯ ಪ್ರಶ್ನೆ

ಫಲಕದ ವಿದ್ಯುತ್ತು ಹಗಲಿನದು, ಮನೆಯ ದೀಪ ಬೆಳಗುವುದು ರಾತ್ರಿ. ಈ ಅಂತರವನ್ನು ಎರಡು ವಿಧದಲ್ಲಿ ತುಂಬುತ್ತಾರೆ. ಮೊದಲನೆಯದು ಫಲಕವನ್ನು ವಿದ್ಯುತ್ ಜಾಲಕ್ಕೆ ಜೋಡಿಸುವುದು. ಹಗಲಿನ ಹೆಚ್ಚುವರಿ ಜಾಲಕ್ಕೆ ಹರಿದು ಮೀಟರಿನಲ್ಲಿ ಜಮೆಯಾಗುತ್ತದೆ. ಆದರೆ ಬ್ಯಾಟರಿಯಿಲ್ಲದ ಇಂಥ ವ್ಯವಸ್ಥೆ, ಊರಿನ ಕರೆಂಟು ಹೋದೊಡನೆ, ಬಿಸಿಲಿದ್ದರೂ ತಾನಾಗಿ ನಿಂತುಹೋಗುತ್ತದೆ. ತಂತಿ ದುರಸ್ತಿ ಮಾಡುವ ಕಾರ್ಮಿಕನ ಪ್ರಾಣರಕ್ಷಣೆಗಾಗಿ ಈ ಏರ್ಪಾಡು. ಕರೆಂಟು ಹೋದಾಗ ನೆರವಾಗಲೆಂದೇ ಫಲಕ ಹಾಕಿಸುವವರು ಇದನ್ನು ಮೊದಲೇ ತಿಳಿದಿರಬೇಕು.

ಎರಡನೆಯದು ಬ್ಯಾಟರಿ. ಫಲಕ 25 ವರ್ಷ ಬಾಳಬಲ್ಲದು. ಸೀಸದ ಬ್ಯಾಟರಿಯ ಆಯುಸ್ಸು ಸಾಮಾನ್ಯವಾಗಿ 3ರಿಂದ 5 ವರ್ಷ. ಲಿಥಿಯಂ ಬ್ಯಾಟರಿ ಹೆಚ್ಚು ಬಾಳುತ್ತದೆ, ಬೆಲೆಯೂ ಹೆಚ್ಚು. ಆದುದರಿಂದ ದೀಪ, ಫ್ಯಾನುಗಳಂಥ ಅಗತ್ಯಕ್ಕೆ ಬೇಕಾಗುವಷ್ಟೇ ಬ್ಯಾಟರಿ ಇಡುವುದು ವಿವೇಕ.

ಹಣದ ಲೆಕ್ಕ

ಕೇಂದ್ರ ಸರ್ಕಾರವು 2024ರ ಫೆಬ್ರವರಿಯಲ್ಲಿ ಆರಂಭಿಸಿದ ಪಿಎಂ ಸೂರ್ಯಘರ್ ಯೋಜನೆಯು 1 ಕಿಲೋವಾಟ್‌ಗೆ 30,000, 2 ಕಿಲೋವಾಟ್‌ಗೆ 60,000, 3 ಕಿಲೋವಾಟ್ ಮತ್ತು ಮೇಲ್ಪಟ್ಟವುಗಳಿಗೆ 78,000 ರೂಪಾಯಿಗಳ ಸಹಾಯಧನವನ್ನು ಗೊತ್ತುಪಡಿಸಿತು. ಇತ್ತ ನಮ್ಮ ರಾಜ್ಯದಲ್ಲಿ 2023ರಲ್ಲಿ ಬಂದ ಗೃಹಜ್ಯೋತಿಯು 200 ಯೂನಿಟ್‌ವರೆಗಿನ ಮಿತಿಯಲ್ಲಿ ಮನೆಬಳಕೆಯ ವಿದ್ಯುತ್ತನ್ನು ಉಚಿತಗೊಳಿಸಿತು. ಬಿಲ್ಲೇ ಬಾರದ ಮನೆಯವರು ಫಲಕಕ್ಕಾಗಿ ಸಾಲ ಮಾಡುವ ಮುನ್ನ ಉಳಿತಾಯವಾಗುವುದು ಯಾವುದೆಂದು ಕೇಳಿಕೊಳ್ಳಬೇಕು. ಹೆಚ್ಚು ವಿದ್ಯುತ್ತು ಬಳಸುವ ಅವಿಭಕ್ತ ಕುಟುಂಬಗಳಿಗೂ, ಹಗಲು ಯಂತ್ರ ಓಡಿಸುವ ಹಿಟ್ಟಿನ ಗಿರಣಿ, ಅಂಗಡಿಗಳವರಿಗೂ ಲೆಕ್ಕ ಬೇರೆಯೇ ಆಗುತ್ತದೆ.

ನಾಡಿನ ಲೆಕ್ಕ

ಮನೆಗೆ ಇರುವ ಮಿತಿಗಳೇ ನಾಡಿಗೂ ಇವೆ, ಪ್ರಮಾಣ ಮಾತ್ರ ದೊಡ್ಡದು. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ, ತಿರುಮಣಿ ಸುತ್ತಿನ ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಉದ್ಯಾನ ತಲೆಯೆತ್ತಿದೆ. 2018ರಲ್ಲಿ ಅದರ ಮೊದಲ ಹಂತ ಉದ್ಘಾಟನೆಯಾಯಿತು. ಮೇಲಿಂದ ಮೇಲೆ ಬರ ಕಂಡ ಆ ಸೀಮೆಯಲ್ಲಿ ರೈತರ ಭೂಮಿಯನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಗಳಿಂದ ಆರಂಭಿಸಿ ಗುತ್ತಿಗೆಗೆ ಪಡೆದದ್ದು ಒಳ್ಳೆಯ ಮಾದರಿಯೇ ಸರಿ. ಆದರೆ ಗುತ್ತಿಗೆಯ ಹಣ ಸೇರುವುದು ಭೂಮಿಯುಳ್ಳವರಿಗೆ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೂ ಕುರಿ ಮೇಯಿಸುತ್ತಿದ್ದವರಿಗೂ ಅದರಲ್ಲಿ ಪಾಲಿಲ್ಲ. ಇಷ್ಟು ವಿಸ್ತಾರವಾದ ಉದ್ಯಾನದಿಂದಲೂ ಸೂರ್ಯ ಮುಳುಗಿದ ಮೇಲೆ ಒಂದು ಯೂನಿಟ್ ಸಹ ಹುಟ್ಟುವುದಿಲ್ಲ. ಸಂಜೆ ಮನೆಮನೆಯ ದೀಪ ಹೊತ್ತುವ ವೇಳೆಗೆ ಶರಾವತಿಯ ನೀರಿನ ವಿದ್ಯುತ್ತನ್ನೂ ರಾಯಚೂರಿನ ಕಲ್ಲಿದ್ದಲಿನ ವಿದ್ಯುತ್ತನ್ನೂ ನೆಚ್ಚಬೇಕಾಗುತ್ತದೆ.

ಇದನ್ನೆಲ್ಲ ಹೇಳಿದುದು ಸೌರಶಕ್ತಿಯಿಂದ ಯಾರನ್ನೂ ವಿಮುಖಗೊಳಿಸಲು ಅಲ್ಲ. ಹೊಗೆಯಿಲ್ಲದ, ಬೂದಿಯಿಲ್ಲದ ಈ ಶಕ್ತಿಯನ್ನು ನಮ್ಮ ಮಕ್ಕಳ ಕಾಲಕ್ಕೆ ಬಳಸದೆ ಗತಿಯಿಲ್ಲ. ನಾವು ಸೂಚಿಸುವುದು ಒಂದು ಕ್ರಮವನ್ನು ಮಾತ್ರ. ಮೊದಲು ಮನೆಯಲ್ಲಿ ವ್ಯರ್ಥವಾಗುವ ವಿದ್ಯುತ್ತನ್ನು ತಡೆಯಿರಿ. ಬಳಿಕ ಸ್ನಾನದ ನೀರನ್ನು ಬಿಸಿಲಿಗೆ ಒಪ್ಪಿಸಿರಿ. ಆಮೇಲೆ ಒಂದು ವರ್ಷದ ಬಿಲ್ಲುಗಳನ್ನು ಮುಂದಿಟ್ಟುಕೊಂಡು, ಮಾಳಿಗೆಯ ನೆರಳನ್ನು ಬೆಳಗಿನಿಂದ ಸಂಜೆಯವರೆಗೆ ಗಮನಿಸಿ, ಫಲಕದ ಅಳತೆಯನ್ನು ನಿರ್ಧರಿಸಿರಿ. ಸಂಡಿಗೆ ಹರಡುವ ತಾಯಿಯನ್ನೇ ಕೇಳಿದರೆ ನೆರಳು ಎಲ್ಲಿ ಬೀಳುತ್ತದೆಂಬುದನ್ನು ಆಕೆ ತಪ್ಪಿಲ್ಲದೆ ಹೇಳುವಳು.